ಮನೆಯಿಂದಲೇ ಶೇಂಗಾ ಚಟ್ನಿಪುಡಿ ವ್ಯಾಪಾರ: ನನಗೆ ಒಗ್ಗುತ್ತದೋ ಇಲ್ಲವೋ ತಿಳಿಯುವುದು ಹೇಗೆ?

ದಾವಣಗೆರೆ_ಅಡುಗೆ:
ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ ಮಾಡಿ ಮಾರು ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಬಾಡಿಗೆ ಮನೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಾಕಬಹುದಾದ ದುಡ್ಡು 15,000 ರೂಪಾಯಿ. ರುಚಿಯ ಬಗ್ಗೆ ಅನುಮಾನವಿಲ್ಲ, ವ್ಯಾಪಾರ ನನ್ನ ಕೈಲಾಗುತ್ತದಾ ಅನ್ನುವುದೇ ಚಿಂತೆ. ಮಷಿನ್ ತಗೊಳ್ಳುವ ಮುಂಚೆ ಅದನ್ನು ಪರೀಕ್ಷಿಸಿಕೊಳ್ಳುವ ದಾರಿ ಇದೆಯಾ?

ಧಾರವಾಡ_ಖಾರ:
ಅಕ್ಕಾರ, ಮಷಿನ್ ಮಾತು ಸದ್ಯ ಬಿಡ್ರಿ. ನಾಲ್ಕು ವಾರ, ವಾರಕ್ಕೊಂದು ಗೊತ್ತಾದ ದಿನ, ಶೇಂಗಾ ಒಂದನ್ನೇ 5 ಕೆಜಿ ಮಾಡಿ ನೋಡಿ. ಅಗಸಿ ಈಗ ಬೇಡ, ಪುಡಿಯಾದ ಮೇಲೆ ಅದು ಬೇಗ ಕಮಟು ಹಿಡಿಯುತ್ತದೆ. ಮನೆಮಂದಿಗೆ ಮಾಡುವಾಗ ಕೈಯಳತೆ ನಡೆಯುತ್ತದೆ, 5 ಕೆಜಿಗೆ ನಡೆಯೊಲ್ಲ. ಉಪ್ಪು, ಖಾರದ ಪುಡಿ, ಜೀರಿಗೆ ಎಲ್ಲವನ್ನೂ ತೂಗಿ ವಹಿಯಲ್ಲಿ ಬರೆದಿಡಿ. ನಾಲ್ಕನೇ ವಾರದ ಪುಡಿಯನ್ನೂ ಮೊದಲ ವಾರದ್ದನ್ನೂ ಯಾವುದು ಯಾವುದೆಂದು ಹೇಳದೆ ಯಾರಿಗಾದರೂ ಕೊಡಿ. ವ್ಯತ್ಯಾಸ ಗೊತ್ತಾದರೆ ಅಳತೆ ಇನ್ನೂ ಕುದುರಿಲ್ಲ.

ಬೇಸರ ಬರುವುದು ಹುರಿಯುವಾಗಲ್ಲ, ಕಾಳು ಆರಿಸುವಾಗ. ಮುರುಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಒಂದೂ ಉಳಿಯಬಾರದು. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಸಣ್ಣ ಉರಿಯಲ್ಲಿ ಸ್ವಲ್ಪ ಸ್ವಲ್ಪವೇ ಹುರಿದು, ಆರಿದ ಮೇಲೆ ತಿಕ್ಕಿ ಮೊರದಲ್ಲಿ ಕೇರಿ. 5 ಕೆಜಿ ಕಾಳು ಇಷ್ಟಾಗುವಾಗ 5 ಕೆಜಿಯಾಗಿ ಉಳಿದಿರುವುದಿಲ್ಲ, ಎಷ್ಟು ಕಮ್ಮಿಯಾಯಿತೆಂದು ಪ್ರತಿ ಸಲ ತೂಗಿ. ಮಿಕ್ಸಿಯನ್ನು ಬಿಟ್ಟುಬಿಟ್ಟು ತಿರುಗಿಸಬೇಕು. ಒಂದೇ ಸಮ ಓಡಿಸಿದರೆ ಬಿಸಿಗೆ ಎಣ್ಣೆ ಬಿಟ್ಟು ಪುಡಿ ಮುದ್ದೆಯಾಗುತ್ತದೆ. ಬಿಸಿ ಇರುವಾಗಲೇ ಪೌಚಿಗೆ ತುಂಬಿದರೆ ಒಳಗೆ ಬೆವರಿ, ಮೂಲೆಯಲ್ಲಿ ಗಂಟು ಕಟ್ಟಿ, ಅಲ್ಲಿಂದಲೇ ಕೆಡುತ್ತದೆ.

ಪ್ರತಿ ಬ್ಯಾಚಿನಿಂದ ಆರೆಂಟು ಸಣ್ಣ ಪೌಚು ಎತ್ತಿಟ್ಟು ವಾರಕ್ಕೊಂದು ಒಡೆದು ಮೂಸಿ. ಕಮಟು ವಾಸನೆ ಯಾವ ವಾರ ಶುರುವಾಯಿತೋ ಅದಕ್ಕಿಂತ ಸಾಕಷ್ಟು ಮುಂಚಿನ ದಿನವನ್ನೇ ಬಾಳಿಕೆ ಅಂತ ಹಾಕಬೇಕು. ನಾಲ್ಕನೇ ವಾರವೂ ಕಾಳನ್ನು ಮೊದಲ ವಾರದಷ್ಟೇ ನಿಗಾದಿಂದ ಆರಿಸಿದಿರಾದರೆ ಕೆಲಸ ನಿಮಗೆ ಒಗ್ಗುತ್ತದೆ.

ಲೆಕ್ಕದ_ವಹಿ:
ನಿಗಾ ಇದ್ದೂ ಎಷ್ಟೋ ಜನ ನಿಲ್ಲಿಸುವುದು ತಮ್ಮ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ. ಉದಾಹರಣೆಗೆ ಒಂದು ಕೆಜಿಗೆ ಸಾಮಾನು 220, ಗ್ಯಾಸು-ಕರೆಂಟು 30, ನಾಲ್ಕು ಪೌಚು ಮತ್ತು ಲೇಬಲ್ 40 ಅನ್ನಿ. 5 ಕೆಜಿಗೆ 8 ತಾಸು ಹಿಡಿದರೆ, ತಾಸಿಗೆ 60ರಂತೆ ಕೆಜಿಗೆ 96 ಕೂಲಿ. ಒಟ್ಟು 386, ಹಾಳುಮೂಳು ಸೇರಿಸಿ 405. ಅಂಗಡಿಯವರು ಎಂಆರ್‌ಪಿಯಲ್ಲಿ ಶೇ. 25 ಇಟ್ಟುಕೊಂಡರೆ, ಆ 405 ನಿಮ್ಮ ಕೈಸೇರಲು ಎಂಆರ್‌ಪಿ ಕೆಜಿಗೆ 540 ಇರಬೇಕು. ಇದರಲ್ಲಿ ಲಾಭ ಒಂದು ಪೈಸೆಯೂ ಇಲ್ಲ. ನಿಮ್ಮೂರಿನ ದರ ಹಾಕಿ ಇದೇ ಲೆಕ್ಕ ಮಾಡಿ.

ಇನ್ನೊಂದು ಪರೀಕ್ಷೆ ನೆಂಟರದ್ದೇ. "ಆಮೇಲೆ ಕೊಡ್ತೀನಿ" ಅಂದವರಿಂದ ಅದೇ ವಾರ ಹಣ ಕೇಳಿ ಪಡೆಯಲು ಆಗುತ್ತದಾ ನೋಡಿ. ಆಗದಿದ್ದರೆ ಉದ್ರಿಯಲ್ಲೇ 15,000 ಕರಗುತ್ತದೆ. ಮೊದಲ ನಾಲ್ಕು ವಾರಕ್ಕೆ 6,000 ಮಾತ್ರ ಹಾಕಿ, ಉಳಿದದ್ದನ್ನು ಮುಟ್ಟಬೇಡಿ.

ಪರವಾನಗಿ_ಮಾಹಿತಿ:
ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ದುಡ್ಡು ಪಡೆದು ಕೊಟ್ಟ ಮೇಲೆ ನೆಂಟರಿಗೆ ಕೊಟ್ಟದ್ದೂ ಮಾರಾಟವೇ. ಆದ್ದರಿಂದ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮೊದಲು, ಮಾರಾಟ ಆಮೇಲೆ. ಅದರ ಫಾಸ್ಕಾಸ್ (FoSCoS) ಅನ್ನುವ ನೋಂದಣಿ ಜಾಲತಾಣದಲ್ಲಿ ನೀವೇ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಬರಬೇಕು. ಜೊತೆಗೆ ಪದಾರ್ಥಗಳ ಪಟ್ಟಿ, ಸಸ್ಯಾಹಾರದ ಹಸಿರು ಗುರುತು, ಬ್ಯಾಚ್ ಸಂಖ್ಯೆ, ತಯಾರಿ ದಿನಾಂಕ, ಬಾಳಿಕೆ, ಎಂಆರ್‌ಪಿ, ನಿವ್ವಳ ತೂಕ, ವಿಳಾಸ. ಶೇಂಗಾ ಅಲರ್ಜಿಯ ಪದಾರ್ಥ, ಅದನ್ನು ಬೇರೆಯಾಗಿ ತಿಳಿಸಲೇಬೇಕು. 250 ಗ್ರಾಂ ಅಂದರೆ ಪೌಚಿನ ತೂಕ ಬಿಟ್ಟು 250.

ಮನೆ ಮಾಲೀಕರ ಒಪ್ಪಿಗೆಯನ್ನು ಕಾಗದದಲ್ಲಿ ಪಡೆಯಿರಿ. ಹುರಿಯುವ ಘಾಟು, ಮಿಕ್ಸಿ ಸದ್ದಿಗೆ ಪಕ್ಕದವರ ತಕರಾರು ಬಂದಾಗ ಬಾಯಿಮಾತು ನಿಲ್ಲೊಲ್ಲ. ಮನೆಬಳಕೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ವಾಣಿಜ್ಯ ಸಿಲಿಂಡರಿನ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ. ಮಕ್ಕಳು ಶಾಲೆಯಲ್ಲಿರುವ ಐದಾರು ತಾಸಿನಲ್ಲಿ 8 ತಾಸಿನ ಕೆಲಸ ಮುಗಿಯದು. ಆರಿಸುವುದನ್ನು ಹಿಂದಿನ ದಿನಕ್ಕೆ ಹಾಕಿಕೊಂಡರೆ ಹೊಂದುತ್ತದೆ.

ದಾವಣಗೆರೆ_ಅಡುಗೆ:
ಎಲ್ಲರಿಗೂ ಧನ್ಯವಾದ. ನೋಂದಣಿಗೆ ಇವತ್ತೇ ಅರ್ಜಿ ಹಾಕುತ್ತೇನೆ. ನಮ್ಮಲ್ಲಿ ಹಸಿ ಬೆಳ್ಳುಳ್ಳಿ ಕುಟ್ಟಿ ಹಾಕುವ ರೂಢಿ. ಮಾರಾಟಕ್ಕೂ ಹಾಗೇ ಮಾಡಬಹುದಾ?

ಧಾರವಾಡ_ಖಾರ:
ಬೇಡ್ರಿ. ಹಸಿ ಬೆಳ್ಳುಳ್ಳಿಯ ನೀರಿನಂಶವೇ ಪುಡಿಯನ್ನು ಕೆಡಿಸುತ್ತದೆ. ತೆಳ್ಳಗೆ ಹೆಚ್ಚಿ, ಕಂದು ಬಣ್ಣಕ್ಕೆ ತಿರುಗದಂತೆ ಸಣ್ಣ ಉರಿಯಲ್ಲಿ ಬಾಡಿಸಿ, ಮುರಿದರೆ ಚಟ್ ಅನ್ನುವಷ್ಟು ಗರಿಯಾದ ಮೇಲೆ ಹಾಕಿ. ಬಾಗಿದರೆ ಇನ್ನೂ ನೀರಿದೆ ಅಂತ.