ಬೌಲಿಂಗ್: 44 ಅಡಿ ಎಣ್ಣೆಯಲ್ಲಿ ಬಾಲ್ ತಿರುಗುತ್ತಿಲ್ಲ. ಇನ್ನೂ ಜೋರಾದ ಬಾಲ್ ತಗೊಳ್ಳಲಾ?

ಹತ್ತನೇ_ಪಿನ್:
ಇರುವುದು ಮಿಷಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ಬಲಗೈ ಆಟ. ಇಷ್ಟು ದಿನ ಮಾಮೂಲಿ ಹೌಸ್ ಲೀಗ್ ಆಡುತ್ತಿದ್ದೆ, ಅಲ್ಲಿ ಲೇನ್ ಮೇಲೆ ಹಚ್ಚುವ ಎಣ್ಣೆ 40 ಅಡಿ ಉದ್ದ. ಈ ಸೀಸನ್‌ನಲ್ಲಿ ಸ್ಪೋರ್ಟ್ ಲೀಗ್ ಸೇರಿದೆ. ಈಗ ಹಾಕಿರುವುದು 44 ಅಡಿ ಪ್ಯಾಟರ್ನ್ (ಎಣ್ಣೆ ಹಚ್ಚುವ ವಿನ್ಯಾಸ). ನನ್ನ ಬಾಲ್ 15 ಪೌಂಡ್, ಸಾಲಿಡ್ ರಿಯಾಕ್ಟಿವ್ (ಬೇಗ ಹಿಡಿತ ಸಿಗುವ ಕವರ್, ಅಂದರೆ ಹೊರಪದರ), ಅಸಿಮೆಟ್ರಿಕ್ ಕೋರ್ (ಒಳಗಿನ ತೂಕದ ಆಕಾರ ಸಮ ಇಲ್ಲ), ಹೊಸದರಲ್ಲಿ 2000 ಗ್ರಿಟ್ (ಮೇಲ್ಮೈ ಉಜ್ಜಿದ ನುಣುಪಿನ ಅಳತೆ). ಲೇನ್ ಮೇಲೆ ಗುರಿಗೆ ಬರೆದಿರುವ ಬಾಣಗಳಲ್ಲಿ ಎರಡನೆಯದರ ಮೇಲೆ ಬಿಟ್ಟು 7ನೇ ಬೋರ್ಡ್‌ವರೆಗೆ (ಬಲ ಅಂಚಿನಿಂದ ಏಳನೇ ಹಲಗೆ) ಹೊರಗೆ ಕಳಿಸುತ್ತೇನೆ. ಹೌಸ್‌ನಲ್ಲಿ ಚೆನ್ನಾಗಿ ಪಾಕೆಟ್‌ಗೆ (ಒಂದನೇ, ಮೂರನೇ ಪಿನ್‌ಗಳ ನಡುವೆ) ಬರುತ್ತದೆ. ಇಲ್ಲಿ ಮೊದಲ ಗೇಮ್‌ನಲ್ಲಿ ವಾಪಸ್ ಬರುವುದೇ ಇಲ್ಲ. ಮೂರನೇ ಗೇಮ್‌ನಲ್ಲಿ ಪಾಕೆಟ್‌ಗೆ ಬಂದರೂ ಏಟಿನಲ್ಲಿ ದಮ್ ಇಲ್ಲ, ಬಲ ಮೂಲೆಯ ಹತ್ತನೇ ಪಿನ್ ಸುಮ್ನೆ ನಿಂತಿರುತ್ತದೆ. ಅಂಗಡಿಯವರು ಇದಕ್ಕಿಂತ ಜೋರಾದ ಬಾಲ್ ತಗೋ ಅನ್ನುತ್ತಾರೆ. ತಗೊಳ್ಳಲಾ?

ಎಣ್ಣೆಗಾಣ:
ದುಡ್ಡು ಜೇಬಲ್ಲೇ ಇರಲಿ. ಮೊದಲು ಎರಡು ವಿಷಯ ಹೇಳಿ. ಬಾಲ್‌ನ ಮೇಲ್ಮೈಗೆ ಕೊನೆಗೆ ಪ್ಯಾಡ್ (ಉಜ್ಜುವ ಹಾಳೆ) ಹಾಕಿದ್ದು ಯಾವಾಗ? ಮೂರನೇ ಗೇಮ್‌ನಲ್ಲಿ ಬಾಲ್ ತಿರುಗಲು ಶುರುವಾಗುವುದು ಎಲ್ಲಿ, ಪಿನ್ ಹತ್ತಿರವಾ, ಅದಕ್ಕಿಂತ ತುಂಬಾ ಮೊದಲೇನಾ?

ಹತ್ತನೇ_ಪಿನ್:
ಪ್ಯಾಡ್ ಹಾಕಿಸಿಯೇ ಇಲ್ಲ. ಈಗ ಹೊಳೆಯುತ್ತದೆ. ಮೂರನೇ ಗೇಮ್‌ನಲ್ಲಿ ಬಾಣ ದಾಟಿದ ಸ್ವಲ್ಪ ಹೊತ್ತಿಗೇ ತಿರುಗಲು ಶುರು, ಆಮೇಲೆ ನೆಟ್ಟಗೆ ಹೋದ ಹಾಗೆ ಕಾಣುತ್ತದೆ.

ಎಣ್ಣೆಗಾಣ:
ಹಾಗಿದ್ದರೆ ಇದು ಒಂದು ತೊಂದರೆ ಅಲ್ಲ, ಎರಡು. ಅವೆರಡರ ಮದ್ದೂ ಒಂದಕ್ಕೊಂದು ಉಲ್ಟಾ.

ಮೊದಲ ಗೇಮ್ ನೋಡಿ. ಫೌಲ್ ಲೈನ್‌ನಿಂದ (ಎಸೆಯುವಾಗ ದಾಟಬಾರದ ಗೆರೆ) ಮುಂದಿನ ಪಿನ್‌ಗೆ 60 ಅಡಿ. ಎಣ್ಣೆ 44 ಅಡಿ ಇದ್ದರೆ ಬಾಲ್ ತಿರುಗಲು ಉಳಿಯುವುದು 16 ಅಡಿ ಒಣ ಮರ ಮಾತ್ರ. ಹೌಸ್‌ನಲ್ಲಿ 20 ಇತ್ತು. ಜೊತೆಗೆ ಹೌಸ್ ಪ್ಯಾಟರ್ನ್‌ನಲ್ಲಿ ಎಣ್ಣೆ ನಡುವೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಕೈ ತಪ್ಪಿ ಹೊರಗೆ ಹೋದರೂ ಒಣ ಜಾಗ ಬಾಲನ್ನು ಎಳೆದು ತರುತ್ತದೆ. ಸ್ಪೋರ್ಟ್‌ನಲ್ಲಿ ಅಂಚಿನಲ್ಲೂ ಎಣ್ಣೆ ಇರುತ್ತದೆ, ಹೊರಗೆ ಹೋದದ್ದು ಹೋಯಿತು. ಪ್ಯಾಟರ್ನ್ ಉದ್ದದಿಂದ 31 ಕಳೆಯುವ ಲೆಕ್ಕ ಕೇಳಿದ್ದೀರಲ್ವಾ? 44ರಲ್ಲಿ 31 ಹೋದರೆ 13. ಎಣ್ಣೆ ಮುಗಿಯುವಲ್ಲಿ ನಿಮ್ಮ ಬಾಲ್ ಸುಮಾರು 13ನೇ ಬೋರ್ಡ್ ಹತ್ತಿರ ಇರಬೇಕು. ನೀವು 7ಕ್ಕೆ ಕಳಿಸುತ್ತಿದ್ದೀರಿ. ಅಲ್ಲಿಂದ ಯಾವ ಬಾಲ್ ಹಾಕಿದರೂ ಬರುವುದು ಕಷ್ಟ. ಕಾಲು ಎಡಕ್ಕೆ ಸರಿಸಿ, ಮೂರನೇ ಬಾಣದ ಮೇಲೆ ಬಿಡಿ, ಹೊರಗೆ ತೆರೆಯುವುದನ್ನು ಕಮ್ಮಿ ಮಾಡಿ. ಲೆಕ್ಕದ ಸಂಖ್ಯೆಯನ್ನು ದೇವರ ಮಾತು ಅಂದುಕೊಳ್ಳಬೇಡಿ. ಅಲ್ಲಿಂದ ಶುರು ಮಾಡಿ, ಬಾಲ್ ಹೇಳಿದಂತೆ ಒಂದೆರಡು ಬೋರ್ಡ್ ಆಚೀಚೆ ಹೋಗಿ.

ಮೂರನೇ ಗೇಮ್‌ನಲ್ಲಿ ಬಾಲ್ ತಿರುಗುತ್ತಿಲ್ಲ ಅನ್ನುವುದು ತಪ್ಪು ರೋಗ. ಅದು ಬೇಗ ತಿರುಗಿ ಸುಸ್ತಾಗುತ್ತಿದೆ. ಎಲ್ಲರ ಸಾಲಿಡ್ ಬಾಲ್‌ಗಳೂ ಸೇರಿ ಮುಂಭಾಗದ ಎಣ್ಣೆ ಹೀರಿಬಿಟ್ಟಿವೆ. ನಿಮ್ಮ ಬಾಲ್ ಅಲ್ಲೇ ಹಿಡಿತ ಸಿಕ್ಕಿ ಶಕ್ತಿಯನ್ನೆಲ್ಲ ಖರ್ಚು ಮಾಡುತ್ತದೆ, ಪಿನ್‌ಗೆ ಹೊಡೆದಾಗ ಪಕ್ಕಕ್ಕೆ ಜಾರುತ್ತದೆ. ಹತ್ತನೇ ಪಿನ್ ಉಳಿಯುವುದು ಅದಕ್ಕೇ. ಇದರ ಮೇಲೆ ಇನ್ನೂ ಜೋರಾದ ಬಾಲ್ ತಂದರೆ ಇನ್ನೂ ಬೇಗ ಸುಸ್ತು! ಪರೀಕ್ಷೆ ಸುಲಭ: ಎಡಕ್ಕೆ ಸರಿದು, ಹೆಚ್ಚು ಎಣ್ಣೆ ಉಳಿದಿರುವ ಕಡೆಯಿಂದ ಬಿಡಿ. ಏಟು ಗಟ್ಟಿಯಾದರೆ ನಾನು ಹೇಳಿದ್ದು ಸರಿ. ಇನ್ನೂ ಜಾರಿಕೊಂಡೇ ಹೋದರೆ ತಿರುಗಿ ಬೈಯಿರಿ.

ಹತ್ತನೇ_ಪಿನ್:
ಹೊಳಪು ಬಂದಿರುವ ಬಾಲ್ ಬೇಗ ಹೇಗೆ ಹಿಡಿಯುತ್ತದೆ? ಜಾರಬೇಕಲ್ವಾ?

ಎಣ್ಣೆಗಾಣ:
ಒಳ್ಳೆ ಪ್ರಶ್ನೆ. ಜಾರುತ್ತದೆ, ಎಣ್ಣೆ ಇದ್ದ ಕಡೆ. ಅದಕ್ಕೇ ಮೊದಲ ಗೇಮ್ ಇನ್ನಷ್ಟು ಕೆಟ್ಟಿತು. ಎಣ್ಣೆಯೇ ಹೋದ ಮೇಲೆ ಸಾಲಿಡ್ ಕವರ್, ಅಸಿಮೆಟ್ರಿಕ್ ಕೋರ್ ಎರಡೂ ಸೇರಿ ಮೊದಲೇ ಕಚ್ಚುತ್ತವೆ. ಲೀಗ್ ದಿನಕ್ಕೆ ಮುಂಚೆ 2000 ಪ್ಯಾಡ್ ಹಾಕಿಸಿ. ಆಟ ಶುರುವಾದ ಮೇಲೆ ಯುಎಸ್‌ಬಿಸಿ (ಅಮೆರಿಕದ ಬೌಲಿಂಗ್ ಸಂಸ್ಥೆ) ನಿಯಮದ ಪ್ರಕಾರ ಪ್ಯಾಡ್ ಮುಟ್ಟುವಂತಿಲ್ಲ. ಒಣ ಬಟ್ಟೆಯಲ್ಲಿ ಪ್ರತಿ ಎಸೆತಕ್ಕೂ ಒರೆಸಿ, ಆಡಿ ಮುಗಿದ ಕೂಡಲೇ ಕ್ಲೀನರ್ ಹಾಕಿ. ರಿಯಾಕ್ಟಿವ್ ಕವರ್ ಎಣ್ಣೆ ಕುಡಿಯುತ್ತದೆ, ಮನೆಗೆ ಹೋಗಿ ನೋಡಿಕೊಳ್ಳೋಣ ಅಂದರೆ ತಡ.

ಕೊಳ್ಳಲೇಬೇಕು ಅಂದರೆ ಪರ್ಲ್ ಕವರ್ (ಸಾಲಿಡ್‌ಗಿಂತ ಹೆಚ್ಚು ಜಾರುವ ಹೊರಪದರ), ಸಿಮೆಟ್ರಿಕ್ ಕೋರ್, ಪಾಲಿಶ್ ಮಾಡಿದ್ದು ನೋಡಿ. ಅದು ಒಣಗಿದ ಮುಂಭಾಗವನ್ನು ದಾಟಿ ಕೊನೆಯಲ್ಲಿ ತಿರುಗುತ್ತದೆ. ಮೂರನೇ ಗೇಮ್‌ಗೆ ಅದು. ಹತ್ತನೇ ಪಿನ್ ಎತ್ತಲು ಅಗ್ಗದ ಪ್ಲಾಸ್ಟಿಕ್ ಬಾಲ್ ಇಲ್ಲದಿದ್ದರೆ ಅದಕ್ಕಿಂತಲೂ ಮೊದಲು ಅದನ್ನೇ ತಗೊಳ್ಳಿ. ಎಣ್ಣೆ ಎಷ್ಟಿದ್ದರೂ ಅದು ನೆಟ್ಟಗೆ ಹೋಗುತ್ತದೆ.

ಚರ್ಚ್‌ಸ್ಟ್ರೀಟ್_ಗಟರ್:
ಬೆಂಗಳೂರಿಂದ. ನಾವು ಸೆಂಟರ್‌ನಲ್ಲಿ ಸಿಗುವ ಬಾಲಿನಲ್ಲೇ ಆಡುವವರು. ನಮಗೆ ಈ 13, 31 ಎಲ್ಲಾ ಬೇಕಾ?

ಎಣ್ಣೆಗಾಣ:
ಸೆಂಟರ್ ಬಾಲ್ ಸಾಮಾನ್ಯವಾಗಿ ಪ್ಲಾಸ್ಟಿಕ್. ನೆಟ್ಟಗೆ ಎಸೆಯಿರಿ, ಬೆರಳಿಗೆ ಸರಿಹೊಂದುವುದನ್ನು ಆರಿಸಿ. ಸದ್ಯಕ್ಕೆ ಸಾಕು.

ಹತ್ತನೇ_ಪಿನ್:
ಪ್ಯಾಡ್ ಹಾಕಿಸಿ, ಮೂರನೇ ಬಾಣಕ್ಕೆ ಬಂದೆ. ಮೊದಲ ಗೇಮ್ ಸರಿಹೋಯಿತು. ಮೂರನೆಯದರಲ್ಲಿ ಎಡಕ್ಕೆ ಸರಿದಷ್ಟೂ ಏಟು ಗಟ್ಟಿ, ಆದರೆ ಅಷ್ಟು ಒಳಗಿಂದ ಬಿಡಲು ಕೈ ಒಗ್ಗುತ್ತಿಲ್ಲ. ಗೆಳೆಯನೊಬ್ಬ ತನ್ನ ಹಳೇ ಪರ್ಲ್ ಬಾಲ್ ಕೊಡುತ್ತೇನೆ ಅನ್ನುತ್ತಾನೆ. ಆಗುತ್ತಾ?

ಎಣ್ಣೆಗಾಣ:
ಆಗುತ್ತದೆ. ತೂತುಗಳ ಸುತ್ತ ಬಿರುಕು ಇದೆಯಾ ನೋಡಿ, ಇದ್ದರೆ ಬೇಡ. ಇಲ್ಲದಿದ್ದರೆ ಹಳೇ ತೂತು ಮುಚ್ಚಿಸಿ, ನಿಮ್ಮ ಕೈ ಅಳತೆಗೆ ಹೊಸದಾಗಿ ಕೊರೆಸಿ. ಅವನ ಬೆರಳಿನ ತೂತಲ್ಲೇ ಆಡಿ ನೋಡುತ್ತೇನೆ ಅನ್ನಬೇಡಿ, ಹೆಬ್ಬೆರಳು ಸಿಕ್ಕಿಹಾಕಿಕೊಂಡರೆ ಬಾಲಿನ ಗುಣವೂ ಗೊತ್ತಾಗುವುದಿಲ್ಲ, ಕೈಯೂ ನೋಯುತ್ತದೆ.