ಕಟಲ್‌ಫಿಶ್ ಜೊತೆ ಬಿಟ್ಟವೆಲ್ಲಾ ಮಾಯ, ಈಗ ಅದೂ ಊಟ ಬಿಟ್ಟಿದೆ

ಉಪ್ಪುನೀರು87:
ತಲೆ ಕೆಟ್ಟುಹೋಗಿದೆ. ಉಪ್ಪುನೀರಿನ ತೊಟ್ಟಿಯಲ್ಲಿ ಕಟಲ್‌ಫಿಶ್ (ಆಕ್ಟೋಪಸ್‌ನ ನೆಂಟ) ಸಾಕಿದ್ದೀನಿ. ಅದು ಒಂಟಿಯಾಗಿರೋದು ಬೇಡ ಅಂತ ಕ್ಲೀನರ್ ಸೀಗಡಿ ಎರಡು, ಪುಟ್ಟ ಗೋಬಿ ಮೀನು ಒಂದು ಬಿಟ್ಟೆ. ವಾರದಲ್ಲಿ ಮೂರೂ ಇಲ್ಲ. ನಿನ್ನೆಯಿಂದ ಕಟಲ್‌ಫಿಶ್ ಕೂಡ ತಿನ್ನುತ್ತಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ತೊಟ್ಟಿ ತುಂಬಾ ಶಾಯಿ. ನೀರಿನ ಟೆಸ್ಟ್ ಎಲ್ಲಾ ಸರಿ ಇದೆ. ಜೊತೆಗೆ ಯಾವುದನ್ನು ಬಿಡಲಿ?

ತೊಟ್ಟಿಮಾವ:
ನೀರಲ್ಲಿ ಕಾಪರ್ (ತಾಮ್ರ) ಇರಬೇಕು. ಹಿಂದೆ ಅದೇ ತೊಟ್ಟಿಯಲ್ಲಿ ಮೀನಿಗೆ ತಾಮ್ರದ ಔಷಧಿ ಹಾಕಿದ್ದೀರಾ? ಕಲ್ಲು, ಸಿಲಿಕಾನ್ ಕುಡಿದುಕೊಂಡಿರುತ್ತೆ.

ಉಪ್ಪುನೀರು87:
ಹಾಕಿಲ್ಲ ಸಾರ್. ಸೀಗಡಿ ಎಲ್ಲಿ ಹೋಯ್ತು ಅನ್ನೋದು ನನ್ನ ಪ್ರಶ್ನೆ.

ಮಲ್ಪೆಹುಡುಗ:
ಹೊಟ್ಟೆಗೆ ಹೋಯ್ತು ಮಾರಾಯ್ರೆ. ಎಂಟು ಕೈ ಮಧ್ಯೆ ಎರಡು ಉದ್ದ ಬಳ್ಳಿ ಬಚ್ಚಿಟ್ಟುಕೊಂಡಿರುತ್ತೆ. ಚಟಕ್ಕನೆ ಚಾಚಿದರೆ ಮುಗೀತು. ಸೀಗಡಿ ಅದಕ್ಕೆ ಸ್ನೇಹಿತ ಅಲ್ಲ, ಮಧ್ಯಾಹ್ನದ ಊಟ. ನಮ್ಮ ಕಡೆ ಇದನ್ನೇ ಘೀ ರೋಸ್ಟ್ ಮಾಡ್ತೇವೆ 😄

ತೊಟ್ಟಿಮಾವ:
ತಿಂದಿದ್ದರೆ ಈಗ ಊಟ ಯಾಕೆ ಬಿಡ್ತು? ಕಾಪರ್ ಟೆಸ್ಟ್ ಮಾಡಿ.

ಮಲ್ಪೆಹುಡುಗ:
ಅದರ ರಕ್ತದಲ್ಲೇ ತಾಮ್ರ ಇದೆಯಲ್ಲ ಮಾವ. ಅದಕ್ಕೇ ನೀಲಿ.

ತೊಟ್ಟಿಮಾವ:
ನಿನ್ನ ರಕ್ತದಲ್ಲಿ ಕಬ್ಬಿಣ ಇದೆ ಅಂತ ಮೊಳೆ ನುಂಗ್ತೀಯಾ? ನೀರಿನಲ್ಲಿ ಕರಗಿದ ತಾಮ್ರ ಇವಕ್ಕೆ ವಿಷ. ನನ್ನ 180 ಗ್ಯಾಲನ್ ಸಿಸ್ಟಮ್‌ನಲ್ಲಿ ತಾಮ್ರದ ಒಂದು ತಂತಿನೂ ಇಲ್ಲ. ನೀರು ಸೋಸೋಕೆ ಸಂಪ್ ತೊಟ್ಟಿ ಬೇರೆ, ಪಾಚಿ ಬೆಳೆಸೋಕೆ ರೆಫ್ಯೂಜಿಯಂ ಬೇರೆ.

ರೀಫ್‌ಅಕ್ಕ:
ಸಂಪ್ ಪುರಾಣ ಆಮೇಲೆ. ಉಪ್ಪುನೀರು, ಯಾವ ಜಾತಿ, ಎಷ್ಟು ದೊಡ್ಡ ತೊಟ್ಟಿ, ಈಗ ಒಳಗೆ ಏನೇನಿದೆ? ಹಿಂಬದಿಯಲ್ಲಿ ಗಾಯ ಇದೆಯಾ?

ಉಪ್ಪುನೀರು87:
ಬ್ಯಾಂಡೆನ್ಸಿಸ್ (ಕುಳ್ಳ ಜಾತಿಯ ಕಟಲ್‌ಫಿಶ್), 30 ಗ್ಯಾಲನ್. ಇಲ್ಲೇ ನ್ಯೂಜೆರ್ಸಿಯಲ್ಲಿ ತಂದಿದ್ದು. ಹಿಂಬದಿ ತುದಿಯಲ್ಲಿ ಬೆಳ್ಳಗೆ ಸಿಪ್ಪೆ ಎದ್ದಿದೆ. ಒಳಗೆ ಬೇರೇನೂ ಇಲ್ಲ, ಹಳೇ ಡ್ಯಾಮ್ಸೆಲ್ ಮೀನು ಒಂದು ಅಷ್ಟೇ.

ರೀಫ್‌ಅಕ್ಕ:
ಅಯ್ಯೋ, ಅದನ್ನು ಮೊದಲೇ ಹೇಳೋದಲ್ವಾ! ಡ್ಯಾಮ್ಸೆಲ್ ತನ್ನ ಜಾಗ ಬಿಟ್ಟುಕೊಡಲ್ಲ, ಕುಕ್ಕುತ್ತೆ. ಕಟಲ್‌ಫಿಶ್ ಬೆದರಿ ಹಿಂದಕ್ಕೆ ಚಿಮ್ಮಿ ಗಾಜಿಗೆ ಬಡಿಯುತ್ತೆ. ಹೀಗೇ ಬಿಟ್ಟರೆ ಚರ್ಮ ಸವೆದು ಒಳಗಿನ ಮೂಳೆ ಕಾಣುತ್ತೆ. ಲವ್‌ಬರ್ಡ್ಸ್ ಪಂಜರಕ್ಕೆ ಸಿಕ್ಕಿಸ್ತಾರಲ್ಲ ಸಮುದ್ರ ನೊರೆ, ಅದೇ ಮೂಳೆ. ಲೈಟ್ ಹೇಗೆ ಹಾಕ್ತೀರಿ?

ಉಪ್ಪುನೀರು87:
ಟೈಮರ್. ಆರು ಗಂಟೆಗೆ ಒಮ್ಮೆಲೇ ಫುಲ್.

ರೀಫ್‌ಅಕ್ಕ:
ಅದೂ ಸೇರಿಕೊಂಡಿತು. ಬೆಳಕು ನಿಧಾನಕ್ಕೆ ಏರಲಿ. ಡ್ಯಾಮ್ಸೆಲ್ ಇವತ್ತೇ ತೆಗೀರಿ. ಶಾಯಿಗೆ ನೀರು ಬದಲಿಸಿ, ಫಿಲ್ಟರ್‌ಗೆ ಹೊಸ ಕಾರ್ಬನ್ (ಇದ್ದಿಲು) ಹಾಕಿ. ಊಟಕ್ಕೆ ಜೀವಂತ ಸೀಗಡಿ ಒಂದೊಂದೇ ಬಿಟ್ಟು ನೋಡಿ. ಜೊತೆ ಬೇಕೇ ಬೇಕು ಅಂದ್ರೆ ಟ್ರೋಕಸ್, ನಸ್ಸಾರಿಯಸ್ ಬಸವನಹುಳು ಸಾಕು. ಅನಿಮೊನಿ (ಹೂವಿನಂತೆ ಕಾಣೋ ಸಮುದ್ರ ಜೀವಿ) ತರಬೇಡಿ, ಕುಟುಕುತ್ತೆ. ನಿಜ ಹೇಳಬೇಕಂದ್ರೆ ಕಟಲ್‌ಫಿಶ್‌ಗೆ ಒಂಟಿತನ ನಮಗೆ ಅನಿಸಿದಷ್ಟು ಇಲ್ಲ. ಬದುಕೋದೇ ವರ್ಷದ ಆಸುಪಾಸು, ನೆಮ್ಮದಿಯಾಗಿ ಇರಲಿ ಬಿಡಿ.

ತೊಟ್ಟಿಮಾವ:
ಒಪ್ಪಿದೆ. ಆದರೂ ಒಂದು ಕಾಪರ್ ಟೆಸ್ಟ್…

ಉಪ್ಪುನೀರು87:
ಡ್ಯಾಮ್ಸೆಲ್ ಕಲ್ಲಿನ ಸಂದಿಯಿಂದ ಹೊರಗೇ ಬರ್ತಿಲ್ಲ. ಬಾಟಲಿ ಕತ್ತರಿಸಿ, ಬಾಯಿ ತಿರುಗಿಸಿ ಬಲೆ ಮಾಡಿ ರಾತ್ರಿ ಇಟ್ಟೆ. ಬೆಳಿಗ್ಗೆ ನೋಡಿದರೆ ಒಳಗೆ ಹರ್ಮಿಟ್ ಏಡಿ ಕೂತಿದೆ.

ರೀಫ್‌ಅಕ್ಕ:
ಹರ್ಮಿಟ್ ಏಡಿನಾ? ಅದು ಯಾವಾಗ ಬಂತು?!