ಮಗಳಿಗೆ ಡಿಸ್ಟಲ್ ಆರ್‌ಟಿಎ: ಸಿಟ್ರೇಟ್ ಸಿರಪ್ ಕೊಡುವ ಬಗ್ಗೆ ಕೇಳಬೇಕಿತ್ತು

ಮುಧೋಳದ_ಅಪ್ಪ

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಮುಧೋಳ ಹತ್ತಿರದ ಹಳ್ಳಿ. ಮಗಳಿಗೆ ಮೂರು ವರ್ಷ. ತೂಕ ಏರುತ್ತಿರಲಿಲ್ಲ, ಕಾಲು ಸೊಟ್ಟ ಆಗುತ್ತಾ ಬಂದಿತ್ತು, ನೀರು ಮಾತ್ರ ಚರಿಗೆಗಟ್ಟಲೆ ಕುಡಿಯುತ್ತಿದ್ದಳು. ಊರಲ್ಲಿ ಕ್ಯಾಲ್ಸಿಯಂ ಕಮ್ಮಿ ಅಂದರು, ವಿಟಮಿನ್ ಡಿ ಕೊಟ್ಟರು. ಏನೂ ಫರಕ್ ಬೀಳಲಿಲ್ಲ. ಕೊನೆಗೆ ಬೆಳಗಾವಿಯಲ್ಲಿ ಕಿಡ್ನಿ ಡಾಕ್ಟರು ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲ ಮಾಡಿಸಿ ಡಿಸ್ಟಲ್ ಆರ್‌ಟಿಎ ಅಂದರು. ಕಿಡ್ನಿಗೆ ಆಸಿಡ್ ಹೊರಗೆ ಹಾಕಲು ಬರುವುದಿಲ್ಲ, ಹುಟ್ಟಿನಿಂದಲೇ ಬಂದದ್ದು ಅಂತ ಹೇಳಿದರು. ಹೆಂಡತಿ ನನ್ನ ಸೋದರತ್ತೆ ಮಗಳು, ಅದನ್ನೂ ಕೇಳಿ ಬರೆದುಕೊಂಡರು.

ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ಬರೆದಿದ್ದಾರೆ, ದಿನಕ್ಕೆ ನಾಲ್ಕು ಸಲ. ಬಾಯಿಗೆ ಹಾಕಿದರೆ ಉಗುಳುತ್ತಾಳೆ. ರಾತ್ರಿದು ಹೇಗೆ ಕೊಡುವುದು? ನಮ್ಮೂರ ಮೆಡಿಕಲ್‌ನಲ್ಲಿ ಆ ಕಂಪನಿದು ಇಲ್ಲ, ಬೇರೆ ಬಾಟಲಿ ತೋರಿಸಿ "ಎರಡೂ ಒಂದೇ" ಅಂತಾರೆ, ತಗೊಳ್ಳಬಹುದಾ? ಇಷ್ಟು ವರ್ಷ ಔಷಧಿ ಕುಡಿಸಿದರೆ ಇದ್ದ ಕಿಡ್ನಿನೂ ಹೋಗುತ್ತದೆ ಅಂತ ನಮ್ಮವ್ವ ಬೇರೆ ಹಟ ಹಿಡಿದಿದ್ದಾಳೆ. ಮನೆಯಲ್ಲಿ ಯಾರಿಗಾದರೂ ಇದು ಇದ್ದರೆ ದಯವಿಟ್ಟು ಹೇಳಿ.

ಗುಮ್ಮಟದೂರಿನವಳು

ತಮ್ಮಾ, ನನ್ನ ಮಗನಿಗೂ ಇದೇ. ಈಗ ಪಿಯುಸಿ ಓದುತ್ತಿದ್ದಾನೆ, ನನಗಿಂತ ಎತ್ತರ. ಮೊದಲು ಇದನ್ನು ನಿಮ್ಮವ್ವನಿಗೆ ಓದಿ ಹೇಳಿ.

ಅವರ ಮಾತು ಪೂರ್ತಿ ಉಲ್ಟಾ. ಕಿಡ್ನಿ ಹೋಗುವುದು ಔಷಧಿ ಬಿಟ್ಟರೆ. ರಕ್ತದಲ್ಲಿ ಆಸಿಡ್ ನಿಂತರೆ ಮೂಳೆಯ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕರಗಿ ಮೂತ್ರಕ್ಕೆ ಇಳಿಯುತ್ತದೆ. ಅದು ಕಿಡ್ನಿ ಒಳಗೇ ಕೂತು ಗಟ್ಟಿಯಾಗುತ್ತದೆ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ನೆಫ್ರೋಕ್ಯಾಲ್ಸಿನೋಸಿಸ್ ಅಂತ ಇದೆಯಾ ನೋಡಿ, ಅದೇ ಇದು. ಕಾಲು ಸೊಟ್ಟ ಆಗಿದ್ದಕ್ಕೂ ಇದೇ ಕಾರಣ. ನೀವು ಕೊಡುವ ಸಿಟ್ರೇಟ್ ಹೊಟ್ಟೆಗೆ ಹೋಗಿ, ಮೈಯೊಳಗೆ ಬೈಕಾರ್ಬೊನೇಟ್ ಆಗಿ ಆ ಆಸಿಡ್ಡನ್ನು ತಗ್ಗಿಸುತ್ತದೆ. ಮನೆಯಲ್ಲಿ ಹಳೇ ಕ್ಯಾಲ್ಸಿಯಂ, ವಿಟಮಿನ್ ಡಿ ಡಬ್ಬಿ ಉಳಿದಿದ್ದರೆ ಡಾಕ್ಟರನ್ನು ಕೇಳದೆ ಕೊಡಬೇಡಿ. ಮೂತ್ರದಲ್ಲಿ ಸುಣ್ಣ ಇನ್ನೂ ಜಾಸ್ತಿ ಆಗಬಹುದು.

ಇನ್ನು "ಎರಡೂ ಒಂದೇ" ಅನ್ನುವ ವಿಷಯ. ಇದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಇಲ್ಲೇ ಒಂದು ಮೆಡಿಕಲ್‌ನವನು ಸ್ಟಾಕ್ ಇಲ್ಲ ಅಂತ ಬೇರೆ ಸಿರಪ್ ಕೊಟ್ಟು ಕಳಿಸಿದ. ಡಬ್ಬಿ ಮೇಲೆ ಅದೇ ನಿಂಬೆಹಣ್ಣಿನ ಚಿತ್ರ, "ಮೂತ್ರ ಉರಿಗೆ" ಅನ್ನುವ ಅದೇ ಮಾತು. ಮಗ ಒಂದು ಗುಟುಕು ಕುಡಿದು ಅವ್ವಾ ಇದು ನಂದಲ್ಲ ಅಂದ. ಹಳೇ ಬಾಟಲಿ, ಹೊಸ ಬಾಟಲಿ ಎರಡನ್ನೂ ಕಿಟಕಿ ಕಟ್ಟೆ ಮೇಲಿಟ್ಟು ಹಿಂದಿನ ಸಣ್ಣಕ್ಷರ ಓದಿದೆ. ಹಳೇದರಲ್ಲಿ ಪೊಟ್ಯಾಸಿಯಂ ಸಿಟ್ರೇಟ್. ಹೊಸದರಲ್ಲಿ ಡೈಸೋಡಿಯಂ ಹೈಡ್ರೋಜನ್ ಸಿಟ್ರೇಟ್. ಒಂದರಲ್ಲಿ ಪೊಟ್ಯಾಸಿಯಂ, ಇನ್ನೊಂದರಲ್ಲಿ ಬರೀ ಸೋಡಿಯಂ.

ಉರಿಮೂತ್ರಕ್ಕೆ ಎರಡು ದಿನ ಕುಡಿಯುವವರಿಗೆ ಅದು ದೊಡ್ಡ ವಿಷಯ ಅಲ್ಲ. ನಮ್ಮ ಮಕ್ಕಳಿಗೆ ಹಾಗಲ್ಲ. ಈ ಕಾಯಿಲೆಯಲ್ಲಿ ಪೊಟ್ಯಾಸಿಯಂ ಮೂತ್ರದಲ್ಲಿ ಸೋರಿ ಹೋಗುತ್ತಲೇ ಇರುತ್ತದೆ. ಸೋಡಿಯಂ ಸಿಟ್ರೇಟ್ ಆಸಿಡ್ ಇಳಿಸೀತು, ಪೊಟ್ಯಾಸಿಯಂ ತುಂಬಿಕೊಡುವುದಿಲ್ಲ. ಮೂತ್ರದಲ್ಲಿ ಸುಣ್ಣ ಹೋಗುವುದನ್ನೂ ಸೋಡಿಯಂ ಹೆಚ್ಚಿಸುತ್ತದೆ. ಪೊಟ್ಯಾಸಿಯಂ ತೀರಾ ಇಳಿದರೆ ಏನಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಕಾಯಿಲೆ ಗೊತ್ತಾಗುವ ಮೊದಲು ಒಂದು ಬೆಳಿಗ್ಗೆ ನಮ್ಮ ಕೂಸು ಕುತ್ತಿಗೆ ಎತ್ತಲಿಲ್ಲ, ಕಾಲು ಅಲ್ಲಾಡಿಸಲಿಲ್ಲ. ಓಣಿಯವರೆಲ್ಲ ಪೋಲಿಯೋ ಅಂದರು. ಕೆಲವರಿಗೆ ಡಾಕ್ಟರೇ ಸೋಡಿಯಂ, ಪೊಟ್ಯಾಸಿಯಂ ಎರಡೂ ಸೇರಿಸಿ ಬರೆಯುತ್ತಾರೆ, ಅದು ಬೇರೆ. ಅಂಗಡಿಯವನು ಬದಲಿಸುವ ಹಾಗಿಲ್ಲ. ಕಂಪನಿ ಯಾವುದಾದರೂ ಇರಲಿ, ಹಿಂದಿನ ಸಾಲು ಓದಿ, ಫೋಟೋ ತೆಗೆದು ಡಾಕ್ಟರಿಗೆ ವಾಟ್ಸಾಪ್ ಮಾಡಿ, ಹೂಂ ಅಂದ ಮೇಲೆ ತಗೊಳ್ಳಿ.

ಉಗುಳುವುದಕ್ಕೆ: ಹಾಗೇ ಬಾಯಿಗೆ ಸುರಿಯಬೇಡಿ. ಉಪ್ಪುಪ್ಪಾಗಿ, ಹುಳಿಯಾಗಿ ಇರುತ್ತದೆ, ಹೊಟ್ಟೆಯನ್ನೂ ಕೆರಳಿಸುತ್ತದೆ. ತಣ್ಣೀರಿನಲ್ಲೋ ಹಣ್ಣಿನ ರಸದಲ್ಲೋ ಕಲಸಿ, ಊಟ ಆದ ಮೇಲೆ ಕೊಡಿ. ತಣ್ಣಗಿದ್ದರೆ ರುಚಿ ಅಷ್ಟು ಹತ್ತುವುದಿಲ್ಲ. ನಾನು ಮಡಕೆ ನೀರಿಗೆ ಹಾಕಿ ಕೊಡುತ್ತಿದ್ದೆ, ಮೇಲೆ ಒಂದು ಚೂರು ಬೆಲ್ಲ. ದೊಡ್ಡ ಲೋಟದಲ್ಲಿ ಕಲಸಬೇಡಿ, ಅರ್ಧ ಬಿಟ್ಟರೆ ಎಷ್ಟು ಹೊಟ್ಟೆಗೆ ಹೋಯಿತು ಅಂತಲೇ ಗೊತ್ತಾಗುವುದಿಲ್ಲ.

ರಾತ್ರಿದು: ಇದರ ಕೆಲಸ ಕೆಲವೇ ಗಂಟೆ. ಅದಕ್ಕೇ ನಾಲ್ಕು ಸಲ ಬರೆಯುವುದು. ಎಲ್ಲ ಸೇರಿಸಿ ಎರಡು ಸಲಕ್ಕೆ ಕೊಟ್ಟು ಮುಗಿಸಬೇಡಿ. ಕೊನೆಯದನ್ನು ಮಲಗುವ ಹೊತ್ತಿಗೆ ತಳ್ಳಿ. ನಡುರಾತ್ರಿ ಎಬ್ಬಿಸಬೇಕಾ ಅನ್ನುವುದನ್ನು ಡಾಕ್ಟರೇ ಹೇಳಬೇಕು. ರಕ್ತ ಪರೀಕ್ಷೆಗೆ ಹೋದಾಗ ಬೆಳಗಿನ ಡೋಸಿಗೆ ಮೊದಲು ಕೊಡಬೇಕಾ, ಆಮೇಲಾ ಅಂತ ಕೇಳಿಕೊಳ್ಳಿ. ಮೊದಲೇ ತೆಗೆದರೆ ರಾತ್ರಿಯಿಡೀ ಬೈಕಾರ್ಬೊನೇಟ್ ಎಷ್ಟಕ್ಕೆ ಇಳಿದಿತ್ತು ಅಂತ ಸಿಗುತ್ತದೆ. ನಮ್ಮವರು 22ರ ಮೇಲೆ ಇರಲಿ ಅನ್ನುತ್ತಾರೆ.

ಇನ್ನೊಂದು, ಕಿವಿ ಪರೀಕ್ಷೆ ಮಾಡಿಸಿ. ಕೆಲವು ಜೀನ್‌ಗಳಲ್ಲಿ ತೊಂದರೆ ಇದ್ದರೆ ಕಿವಿಯೂ ಮಂದ ಆಗುತ್ತದೆ, ಸಿರಪ್ಪಿನಿಂದ ಅದು ನಿಲ್ಲುವುದಿಲ್ಲ. ನಮ್ಮವನಿಗೆ ಮಷಿನ್ ಇದೆ. ಕ್ರಿಕೆಟ್ ಆಡುವಾಗ ತೆಗೆದು ನನ್ನ ಕೈಗೆ ಕೊಟ್ಟು ಹೋಗುತ್ತಾನೆ, ಕರೆದರೂ ಕೇಳಿಸಬಾರದು ಅಂತ.

ಗೋಕಾಕ_ಮೆಡಿಕಲ್

ಅಕ್ಕಾರು ನಮ್ಮ ಕಸುಬಿನವರಿಗೆ ಬೈದದ್ದು ಸರಿಯೇ ಇದೆ. ನಾನೂ ಕೌಂಟರಿನಲ್ಲೇ ನಿಲ್ಲುವವನು. ಎರಡು ಮಾತು ಸೇರಿಸುತ್ತೇನೆ.

ಪೊಟ್ಯಾಸಿಯಂ ಸಿಟ್ರೇಟ್ ಅಂತಲೇ ಬರೆದಿದ್ದರೂ 5 ಎಂಎಲ್‌ಗೆ ಎಷ್ಟು ಮಿಲಿಗ್ರಾಂ ಅಂತ ನೋಡಿ. 1100 ಮಿಲಿಗ್ರಾಂ ಇದ್ದರೆ ಸುಮಾರು 10 ಎಂಇಕ್ಯೂ (mEq, ಇಂಥ ಲವಣಗಳನ್ನು ಅಳೆಯುವ ಲೆಕ್ಕ) ಆಗುತ್ತದೆ. ಕಿಡ್ನಿ ಡಾಕ್ಟರು ಲೆಕ್ಕ ಹಾಕುವುದು ಮಗುವಿನ ತೂಕಕ್ಕೆ ಇಷ್ಟು ಎಂಇಕ್ಯೂ ಅಂತ. ಬಾಟಲಿ ಬದಲಾಗಿ ಸಾಂದ್ರತೆ ಬದಲಾದರೆ ಎಂಎಲ್ ಕೂಡ ಬದಲಾಗಬೇಕು. ಕೆಲವದರಲ್ಲಿ ಮೆಗ್ನೀಸಿಯಂ ಸಿಟ್ರೇಟ್ ಕೂಡ ಸೇರಿರುತ್ತದೆ. ಅಳೆಯಲು ಅಡುಗೆಮನೆ ಚಮಚ ಬೇಡ. ಸೂಜಿ ಇಲ್ಲದ ಸಿರಿಂಜ್ ಕೇಳಿ, ಗೆರೆ ನೋಡಿ ಎಳೆದುಕೊಳ್ಳಿ. ಮಗು ತೂಕ ಏರುತ್ತಾ ಹೋದಂತೆ ಡೋಸ್ ಮತ್ತೆ ಬರೆಸಿಕೊಳ್ಳಬೇಕು, ಹಳೇ ಚೀಟಿ ಮೇಲೆ ವರ್ಷಗಟ್ಟಲೆ ತಗೊಳ್ಳುವವರನ್ನು ನೋಡಿದ್ದೇನೆ.

ಜ್ವರ ಬಂದರೆ ಪ್ಯಾರಾಸಿಟಮಾಲ್. ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್ ಇರುವ ಸಿರಪ್ ಕೇಳದೆ ಕೊಡಬೇಡಿ, ಕಿಡ್ನಿಗೆ ಒಳ್ಳೆಯದಲ್ಲ. ಅಲ್ಯೂಮಿನಿಯಂ ಇರುವ ಆಸಿಡಿಟಿ ಸಿರಪ್ಪೂ ಬೇಡ. ಸಿಟ್ರೇಟ್ ಜೊತೆ ಸೇರಿದರೆ ಅಲ್ಯೂಮಿನಿಯಂ ಮೈಗೆ ಜಾಸ್ತಿ ಹತ್ತುತ್ತದೆ.

ಮುಧೋಳದ_ಅಪ್ಪ

ಅಕ್ಕಾ, ಅಣ್ಣಾ, ಬಹಳ ಉಪಕಾರ ಆಯಿತು. ಆ ಬೇರೆ ಬಾಟಲಿ ಫೋಟೋ ತರಿಸಿ ನೋಡಿದೆ, ಡೈಸೋಡಿಯಂದೇ. ತಗೊಂಡಿಲ್ಲ. ಒಂದು ಹೊತ್ತಿನದು ತಪ್ಪಿದರೆ ಮುಂದಿನ ಸಲ ಎರಡು ಪಟ್ಟು ಕೊಡಬಹುದಾ? ವಾಂತಿ, ಭೇದಿ ಹತ್ತಿದರೆ ಏನು ಮಾಡುವುದು? ಬನಶಂಕರಿ ಜಾತ್ರೆಗೆ ಹೋಗುವವರಿದ್ದೇವೆ, ಅಲ್ಲಿ ಏನೇನು ತಿನ್ನುತ್ತಾಳೋ.

ಗುಮ್ಮಟದೂರಿನವಳು

ಎರಡು ಪಟ್ಟು ಬೇಡವೇ ಬೇಡ. ಪೊಟ್ಯಾಸಿಯಂ ಒಮ್ಮೆಲೇ ಏರಿದರೆ ಹೃದಯದ ಬಡಿತಕ್ಕೇ ತೊಂದರೆ. ಕುಡಿದ ಕೂಡಲೇ ಕಕ್ಕಿದರೆ ಮತ್ತೆ ಕೊಡಬೇಕೋ ಬೇಡವೋ ಅನ್ನುವುದನ್ನು ಮೊದಲೇ ಡಾಕ್ಟರ ಕೈಲಿ ಚೀಟಿ ಮೇಲೆ ಬರೆಸಿ ಇಟ್ಟುಕೊಳ್ಳಿ.

ಭೇದಿಗೆ ಮಾತ್ರ ಕಾಯಬೇಡಿ. ಭೇದಿಯಲ್ಲಿ ಬೈಕಾರ್ಬೊನೇಟ್ ಹೊರಗೆ ಹೋಗುತ್ತದೆ, ಆಸಿಡ್ ಬೇಗ ಏರುತ್ತದೆ. ಇತ್ತ ನೀರು ಒಣಗಿ ಮೂತ್ರ ನಿಂತರೆ ಕೊಟ್ಟ ಪೊಟ್ಯಾಸಿಯಂ ಒಳಗೇ ಉಳಿಯುತ್ತದೆ. ಸಿರಪ್ ನಿಲ್ಲಿಸಬೇಕಾ, ಕೊಡಬೇಕಾ ಅನ್ನುವುದು ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯ ಅಲ್ಲ. ಮಗು ಸುಸ್ತಾಗಿ ಕುತ್ತಿಗೆ ನಿಲ್ಲದಿದ್ದರೆ, ಕಾಲು ಎತ್ತದಿದ್ದರೆ, ಉಸಿರು ಜೋರಾದರೆ, ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲ ಮಾತೇ "ಡಿಸ್ಟಲ್ ಆರ್‌ಟಿಎ ಇದೆ, ಪೊಟ್ಯಾಸಿಯಂ ನೋಡಿ" ಅನ್ನಿ. ರಿಪೋರ್ಟಿನ ಒಂದು ಕಾಪಿ ಕೈಚೀಲದಲ್ಲೇ ಇರಲಿ.

ಜಾತ್ರೆಗೆ ಧಾರಾಳ ಹೋಗಿ. ಉಪ್ಪು ಖಾರದ ಕುರುಕಲು ಜಾಸ್ತಿ ಬೇಡ, ನೀರು ಮನೆಯಿಂದ ಒಯ್ಯಿರಿ.

ಹುಕ್ಕೇರಿ_ಮಾಸ್ತರ

ಹೊರದೇಶದಲ್ಲಿ ದಿನಕ್ಕೆ ಎರಡೇ ಸಲ ತಗೊಳ್ಳುವ ಔಷಧಿ ಬಂದಿದೆ ಅಂತ ಕೇಳಿದೆ. ನನ್ನ ಅಳಿಯನಿಗೆ ಇದೇ ಕಾಯಿಲೆ, ಮಾತ್ರೆ ನುಂಗುತ್ತಾನೆ. ಅದರ ಸಿಪ್ಪೆ ಹಾಗೇ ಹೊರಗೆ ಬರುತ್ತದೆ ಅಂತಾನೆ, ಔಷಧಿ ಹತ್ತುತ್ತಿಲ್ಲ ಅಂತಲಾ?

ಗೋಕಾಕ_ಮೆಡಿಕಲ್

ಸರ್, ಅದು ಸಿಬ್ನಾಯಲ್. 2021ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿದೆ. ನಿಧಾನವಾಗಿ ಕರಗುವ ಸಣ್ಣ ಕಾಳು, ಒಂದು ವರ್ಷ ದಾಟಿದ ಮಕ್ಕಳಿಗೂ ಕೊಡುತ್ತಾರೆ. ನನ್ನ ಅಂಗಡಿಗೆ ಬರುವುದಿಲ್ಲ.

ನಿಮ್ಮ ಅಳಿಯನದು 1080 ಮಿಲಿಗ್ರಾಂನ ಮಾತ್ರೆ ಇರಬೇಕು. ಅದರಲ್ಲಿ ಮೇಣದಂಥ ಜಾಲ ಇರುತ್ತದೆ. ಔಷಧಿ ಒಳಗೇ ಇಳಿದು ಖಾಲಿ ಜಾಲ ಮಲದಲ್ಲಿ ಬರುತ್ತದೆ, ಹೆದರಬೇಡಿ. ಅದನ್ನು ಊಟ ಆದ ಮೇಲೆ ಇಡೀ ನುಂಗಬೇಕು, ತುಂಬಾ ನೀರು ಕುಡಿಯಬೇಕು. ಮುಧೋಳದ ಅಣ್ಣಾ, ಸಿರಪ್ ಸಿಗಲಿಲ್ಲ ಅಂತ ಯಾರಾದರೂ ಈ ಮಾತ್ರೆ ಪುಡಿ ಮಾಡಿ ಕೊಡಿ ಅಂದರೆ ಕೇಳಬೇಡಿ. ಪುಡಿ ಮಾಡಿದರೆ ಎಲ್ಲ ಒಮ್ಮೆಗೇ ಬಿಡುಗಡೆಯಾಗಿ ಹೊಟ್ಟೆ ಕರುಳು ಸುಡುತ್ತದೆ. ಸಿರಪ್ ಮುಗಿಯುವ ವಾರ ಮೊದಲೇ ನಿಮ್ಮ ಮೆಡಿಕಲ್‌ನವನಿಗೆ ಹೆಸರು, ಮಿಲಿಗ್ರಾಂ ಬರೆದು ಕೊಡಿ. ಬೆಳಗಾವಿ ಹೋಲ್‌ಸೇಲಿನಿಂದ ತರಿಸಿಕೊಡುತ್ತಾನೆ.